ಉಪ್ಪಾಗರದ ಕೆಂಪು ಮತ್ತು ಸಸಾರಜನಕದ ವಿದ್ಯುದ್ಯಂತ

ಮಂಗಳೂರಿನ ನಂತೂರನ್ನು ಬಿಟ್ಟು ಮೂಡಬಿದಿರೆ ಕಾರ್ಕಳಗಳ ಮಾರ್ಗವನ್ನು ಹಿಡಿದವರು ಸ್ವಲ್ಪದರಲ್ಲಿಯೇ ಬಿಕರ್ನಕಟ್ಟೆಯನ್ನು ಸೇರುವರು. ಕಡಲು ಇಲ್ಲಿಗೆ ದೂರವಲ್ಲ. ಮಳೆಗಾಲದಲ್ಲಿ ದೋಣಿಗಳೆಲ್ಲ ದಡವನ್ನು ಸೇರಿರುವಾಗ ಈ ಊರಿನ ಮತ್ಸ್ಯಾಹಾರಿಗಳ ಮನೆಗಳಲ್ಲಿ ಉಪ್ಪುಮೀನೇ ಊಟಕ್ಕೆ ಆಧಾರವಾಗಿದ್ದ ಕಾಲವೊಂದಿತ್ತು. (ಶುದ್ಧ ಸಸ್ಯಾಹಾರಿಗಳಾದ ವಾಚಕರು ಈ ಪ್ರಸ್ತಾಪವನ್ನು ಸ್ವಲ್ಪ ಸಹಿಸಬೇಕು, ಮುಂದಿನ ಕಥೆಗೆಲ್ಲ ಇದೇ ಪೀಠಿಕೆ.) ಕಟ್ಟಿಟ್ಟ ಮೀನನ್ನು ತೆರೆದಾಗ ಕೆಲವೊಮ್ಮೆ ಅದರ ಮೈಮೇಲೆ ಕುಂಕುಮವನ್ನು ನೀರಿನಲ್ಲಿ ಕಲಸಿ ಬಳಿದಂತೆ ಒಂದು ಕೆಂಪು ಲೇಪವು ಕಾಣುವುದುಂಟು. ಅಂತಹುದನ್ನು ಹಾಳಾಯಿತೆಂದು ಮನೆಯವರು ಹೊರಗೆ ಚೆಲ್ಲುವರು. ಚೆಲ್ಲುವುದು ಸರಿಯೇ. ಆದರೆ ಆ ಕೆಂಪಿನ ಬಳಗಕ್ಕೆ ಸೇರಿದ ಒಂದು ಸೂಕ್ಷ್ಮಜೀವಿಯ ಮೈಯಿಂದ ತೆಗೆದ ವಸ್ತುವನ್ನು ಲೋಕದ ದೊಡ್ಡ ದೊಡ್ಡ ಪ್ರಯೋಗಶಾಲೆಗಳಲ್ಲಿ ವಿದ್ಯುದ್ಯಂತದ ಭಾಗವನ್ನಾಗಿ ಮಾಡಲು ಐವತ್ತು ವರ್ಷಗಳಿಂದ ಯತ್ನಗಳು ನಡೆದಿವೆ. ಅವುಗಳಲ್ಲಿ ಒಂದು ಕನ್ನಡನಾಡಿನಲ್ಲಿಯೇ ನಡೆದುದು.

ಮೊದಲು ಉಪ್ಪಿನ ಮಾತನ್ನು ಹೇಳಬೇಕು. ಕರಾವಳಿಯಿಂದ ಘಟ್ಟವನ್ನು ಏರುವ ಮಾರ್ಗಗಳೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಉಪ್ಪಿನ ಮಾರ್ಗಗಳೇ. ನೇತ್ರಾವತಿ ಕುಮಾರಧಾರೆಗಳು ಕೂಡುವಲ್ಲಿರುವ ಉಪ್ಪಿನಂಗಡಿಯ ಹೆಸರೂ, ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಹೆಸರೂ ಇದನ್ನು ಈಗಲೂ ಸಾರುತ್ತಿವೆ. ಉತ್ತರಕ್ಕೆ ಹೋದರೆ, ಗೋಕರ್ಣದ ಸಮೀಪದಲ್ಲಿ ಅಘನಾಶಿನಿಯ ಅಳಿವೆಯನ್ನು ಆಶ್ರಯಿಸಿಕೊಂಡು ಸಾಣಿಕಟ್ಟೆಯ ಉಪ್ಪಾಗರಗಳಿವೆ. ಸಂಸ್ಕೃತದ ಆಕರವೇ ಕನ್ನಡದಲ್ಲಿ ಆಗರವಾಯಿತು. ಆಗರದಲ್ಲಿ ದುಡಿಯುವವರು ಆಗೇರರಾದರು. ಉಬ್ಬರದ ನೀರನ್ನು ತೂಬಿನ ಮೂಲಕ ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿನಿಂದ ಅದನ್ನು ಬತ್ತಿಸುವುದು ಅಲ್ಲಿಯ ಕ್ರಮ. ಕಡಲಿನ ನೀರಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಮಾತ್ರ ಉಪ್ಪು. ಪಾತಿಯಲ್ಲಿ ಅದು ಇಪ್ಪತ್ತೈದು ಪಾಲನ್ನು ಮೀರಿದ ಮೇಲೆ ಹರಳು ಕಟ್ಟತೊಡಗುವುದು.

ಇಂತಹ ಬಡವರ ವಸ್ತುವಿನ ಮೇಲೆ ರಾಜ್ಯಗಳು ಕಣ್ಣಿಡದೆ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕುಂಪಣಿಯವರು ಕೆನರಾ ಜಿಲ್ಲೆಯ ಉಪ್ಪನ್ನು ತಮ್ಮ ಏಕಸ್ವಾಮ್ಯಕ್ಕೆ ಒಳಪಡಿಸಿಕೊಂಡರು. ತೆರಿಗೆಯ ಉಪ್ಪು ದುಬಾರಿಯಾದಾಗ ಮೊದಲು ಕೆಟ್ಟುಹೋದುದು ಮೀನುಗಾರರ ಕಸುಬು. ಉಪ್ಪನ್ನು ಸಾಕಷ್ಟು ಹಾಕಲಾರದೆ, ಮಣ್ಣಿನ ಉಪ್ಪಿನಿಂದಲೋ ಬರಿಯ ಬಿಸಿಲಿನಿಂದಲೋ ಒಣಗಿಸಿದ ಮೀನು ಬೇಗನೆ ಕೊಳೆಯುತ್ತಿತ್ತು. ಭಾರತದ ಮೀನುಗಳ ವಿಷಯದಲ್ಲಿ ಪ್ರಮಾಣಭೂತವಾದ ಗ್ರಂಥವನ್ನು ರಚಿಸಿದ ಫ್ರಾನ್ಸಿಸ್ ಡೇ ಎಂಬ ವೈದ್ಯರು ೧೮೭೩ರ ತಮ್ಮ ವರದಿಯಲ್ಲಿ ಇದನ್ನು ಎತ್ತಿ ಹೇಳಿದರು. ಅದರ ಫಲವಾಗಿ ಮುಂದಿನ ವರ್ಷಗಳಲ್ಲಿ ಮದ್ರಾಸು ಸರಕಾರದವರು ಪಡುಗಡಲಿನ ಉದ್ದಕ್ಕೂ ಮೀನಿಗೆ ಉಪ್ಪು ಹಾಕುವ ಅಂಗಳಗಳನ್ನು ತೆರೆದು, ಅಲ್ಲಿ ಮಾತ್ರ ಸುಂಕವಿಲ್ಲದ ಉಪ್ಪನ್ನು ಒದಗಿಸಿದರು. ಉಪ್ಪಿನ ಕರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತೀರದಲ್ಲಿ ಕಾಯಿದೆಯನ್ನು ಮುರಿದು ಉಪ್ಪನ್ನು ತಯಾರಿಸಿದ ಸಂಗತಿಯು ಕನ್ನಡಿಗರು ಮರೆಯತಕ್ಕುದಲ್ಲ.

ಬತ್ತುತ್ತ ಬಂದ ಆಗರದ ನೀರು ಹರಳು ಕಟ್ಟುವ ಹೊತ್ತಿಗೆ ಲೋಕದ ಅನೇಕ ಉಪ್ಪಾಗರಗಳಲ್ಲಿ ಗುಲಾಬಿ, ಕೆಂಪು, ನೇರಿಳೆ ಛಾಯೆಗಳನ್ನು ತಾಳುವುದು. ಇಷ್ಟು ಉಪ್ಪಿನಲ್ಲಿ ಯಾವ ಜೀವಿಯೂ ಬದುಕಲಾರದೆಂಬುದು ಸಾಮಾನ್ಯರ ನಂಬಿಕೆ. ಉಪ್ಪಿನಕಾಯಿಯ ಭರಣಿಯು ಆ ನಂಬಿಕೆಯ ಮೇಲೆಯೇ ನಿಂತಿದೆ. ಆದರೂ ಆ ಬಣ್ಣ ಜೀವಿಗಳದೇ. ಅವುಗಳಿಗೆ ಉಪ್ಪು ಕಡಮೆಯಾದರೇ ಮರಣ. ಸಿಹಿನೀರಿನಲ್ಲಿ ಹಾಕಿದರೆ ಅವು ಒಡೆದು ಚೂರಾಗುವುವು. ಅಮೇರಿಕದಲ್ಲಿ ಉಪ್ಪು ಹಾಕಿದ ಕಾಡ್ ಮೀನು ಕೆಂಪಾಗಿ ವ್ಯಾಪಾರಿಗಳಿಗೆ ನಷ್ಟವಾಗುತ್ತಿದ್ದುದರಿಂದ ಫಾರ್ಲೋ ಎಂಬ ಸಸ್ಯಶಾಸ್ತ್ರಜ್ಞರು ೧೮೮೦ರ ಸುಮಾರಿಗೆ ಅದನ್ನು ಪರಿಶೀಲಿಸಿದರು. ಕೆನಡದಲ್ಲಿ ಹ್ಯಾರಿಸನ್ ಮತ್ತು ಕೆನೆಡಿ ಎಂಬಿವರು ೧೯೨೨ರಲ್ಲಿ ಆ ಕೆಂಪಿಗೆ ಕಾರಣವಾದ ಜೀವಿಯನ್ನು ವಿವರಿಸಿದರು. ಇಂದು ಅದರ ಹೆಸರು ಹಾಲೋಬ್ಯಾಕ್ಟೀರಿಯಂ ಸಲೈನೇರಂ. ಹೆಸರಿನಲ್ಲಿ ಬ್ಯಾಕ್ಟೀರಿಯವೆಂದಿದ್ದರೂ ಅದು ಆ ಕುಲದ್ದಲ್ಲವೆಂದೂ, ಆರ್ಕಿಯ ಎಂಬ ಬೇರೊಂದು ಪ್ರಾಚೀನ ಕುಲಕ್ಕೆ ಸೇರಿದುದೆಂದೂ ೧೯೭೭ರಿಂದ ಮುಂದೆ ಕಾರ್ಲ್ ವೂಸ್ ಮೊದಲಾದವರ ಶೋಧಗಳಿಂದ ತಿಳಿದುಬಂದಿತು. ಭಾರತದ ಮೊದಲನೆಯ ಮೀನುಗಾರಿಕಾ ಕಾಲೇಜು ೧೯೬೯ರಲ್ಲಿ ಮಂಗಳೂರಿನಲ್ಲಿಯೇ ಸ್ಥಾಪಿತವಾಯಿತು. ಆದರೆ ಈ ಕೆಂಪಿನ ಭಾಗ್ಯವನ್ನು ತೆರೆದವರು ಮೀನನ್ನು ಕಾಪಾಡಬೇಕೆಂದವರಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಶಾಖೆಯಲ್ಲಿ ವಾಲ್ಟರ್ ಸ್ಟೋಕೇನಿಯಸ್ ಎಂಬ ಜರ್ಮನ್ ಮೂಲದ ಪಂಡಿತರು ಜೀವಕೋಶಗಳ ಪೊರೆಗಳನ್ನು ಕುರಿತು ವ್ಯಾಸಂಗ ಮಾಡುತ್ತಿದ್ದರು. ಉಪ್ಪಿನ ಜೀವಿಯನ್ನು ಸಿಹಿನೀರಿಗೆ ಹಾಕಿದಾಗ ಅದರ ಪೊರೆ ತುಂಡುತುಂಡಾಗುವುದಷ್ಟೆ. ಆ ತುಂಡುಗಳಲ್ಲಿ ಕೆಲವು ನೇರಿಳೆಯ ಬಣ್ಣದವಾಗಿದ್ದುವು. ೧೯೬೯ರಲ್ಲಿ ಡೀಟರ್ ಓಸ್ಟರ್‌ಹೆಲ್ಟ್ ಎಂಬ ತರುಣ ರಸಾಯನಜ್ಞರು ಮ್ಯೂನಿಕ್ಕಿನಿಂದ ಅಲ್ಲಿಗೆ ಬಂದು ಆ ಬಣ್ಣದ ಮೂಲವನ್ನು ಹುಡುಕತೊಡಗಿದರು. ಕೆಲವು ದ್ರಾವಕಗಳನ್ನು ಸೇರಿಸಿದಾಗ ನೇರಿಳೆಯು ಹಳದಿಯಾಗಿ ತಿರುಗಿತು. ಅವರ ಸಂಗಡಿಗರಾದ ಆಲನ್ ಬ್ಲಾರಕ್ ಹಿಂದೆ ಕಪ್ಪೆಯ ಕಣ್ಣಿನ ಪೊರೆಯನ್ನು ಪರಿಶೀಲಿಸಿದವರಾದುದರಿಂದ, ಕಣ್ಣಿನ ವರ್ಣದ್ರವ್ಯದಲ್ಲಿಯೂ ಇಂತಹ ಬದಲಾವಣೆಯುಂಟೆಂಬುದು ಹೊಳೆಯಿತು. ಪರೀಕ್ಷಿಸಿದಾಗ ಅದು ನಿಜವೇ ಆಯಿತು. ಮನುಷ್ಯನ ಕಣ್ಣಿನಲ್ಲಿರುವ ರೆಟಿನಲ್ ಎಂಬ ದ್ರವ್ಯವೇ ಈ ಕಣ್ಣಿಲ್ಲದ ಜೀವಿಯಲ್ಲಿಯೂ ಇದ್ದಿತು. ಕೇಳಿದವರು ಮೊದಲು ನಂಬಲಿಲ್ಲ. ೧೯೭೧ರಲ್ಲಿ ಇವರು ತಮ್ಮ ಶೋಧವನ್ನು ಪ್ರಕಟಿಸಿದರು. ಆ ವಸ್ತುವಿಗೆ ಬ್ಯಾಕ್ಟೀರಿಯೋರೊಡಾಪ್ಸಿನ್ ಎಂಬ ಹೆಸರಾಯಿತು.

ರೆಟಿನಲ್ ಎಂಬುದು ಗೃಹಸ್ಥರಿಗೆ ಅಪರಿಚಿತವಾದ ವಸ್ತುವಲ್ಲ. ಅದು ಎ ಜೀವಸತ್ತ್ವದ ರೂಪಾಂತರ. ನುಗ್ಗೆಸೊಪ್ಪು, ಕೆಂಪು ಗಜ್ಜರಿ, ಮೀನೆಣ್ಣೆಗಳನ್ನು ಇರುಳುಗುರುಡಿಗೆ ಹೇಳುವುದು ಇದಕ್ಕಾಗಿಯೇ. ಕಣ್ಣಿನಲ್ಲಿ ಆ ಜೀವಸತ್ತ್ವವಿರುವುದನ್ನು ಜಾರ್ಜ್ ವಾಲ್ಡ್ ಎಂಬವರು ೧೯೩೩ರಲ್ಲಿ ಕಂಡುಹಿಡಿದು ಮುಂದೆ ೧೯೬೭ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿದೇಶದ ಕಾಡ್ ಮೀನೆಣ್ಣೆಯು ಬರುವುದು ನಿಂತಾಗ ಮದ್ರಾಸು ಸರಕಾರದವರು ಪಡುಗಡಲಿನ ಶಾರ್ಕ್ ಮೀನಿನ ಎಣ್ಣೆಯನ್ನು ತಯಾರಿಸತೊಡಗಿದುದೂ ಇದೇ ಜೀವಸತ್ತ್ವಕ್ಕಾಗಿ.

ಈ ದ್ರವ್ಯವು ಉಪ್ಪಿನ ಜೀವಿಗೆ ಏನು ಉಪಕಾರವನ್ನು ಮಾಡುತ್ತದೆ? ಇದಕ್ಕೆ ೧೯೭೩ರಲ್ಲಿ ಅದೇ ಇಬ್ಬರು ಉತ್ತರವನ್ನು ಕೊಟ್ಟರು. ಬೆಳಕು ಬಿದ್ದೊಡನೆ ರೆಟಿನಲ್ಲಿನ ಬಾಲವು ಮಡಿಚಿಕೊಳ್ಳುವುದು. ಆ ಚಲನೆಯಿಂದ ಪ್ರೋಟಾನ್ ಎಂಬ ಧನವಿದ್ಯುತ್ಕಣವೊಂದು ಪೊರೆಯ ಒಳಗಿನಿಂದ ಹೊರಕ್ಕೆ ತಳ್ಳಲ್ಪಡುವುದು. ಏತದಲ್ಲಿ ಆಳು ಹಿಂದಕ್ಕೂ ಮುಂದಕ್ಕೂ ನಡೆದಾಗ ನೀರು ಮೇಲಕ್ಕೆ ಬರುವಂತೆ ಇಲ್ಲಿ ಬೆಳಕೇ ಆಳು, ವಿದ್ಯುತ್ತೇ ನೀರು. ಒಂದು ಸುತ್ತಿಗೆ ಬೇಕಾದ ಕಾಲವು ಸೆಕೆಂಡಿನ ನೂರರಲ್ಲಿ ಒಂದು ಭಾಗದಷ್ಟು. ಅಷ್ಟರೊಳಗೆ ಬಣ್ಣವು ನೇರಿಳೆಯಿಂದ ಹಳದಿಗೆ ಹೋಗಿ ಮತ್ತೆ ನೇರಿಳೆಗೆ ಬರುವುದು. ೧೯೭೪ರಲ್ಲಿ ರ‍್ಯಾಕರ್ ಎಂಬವರು ಸ್ಟೋಕೇನಿಯಸರೊಡನೆ ಸೇರಿ ಒಂದು ವಿಚಿತ್ರವಾದ ಸಮ್ಮಿಶ್ರಣವನ್ನು ಮಾಡಿದರು: ಸೋಯಾ ಅವರೆಯ ಕೊಬ್ಬು, ದನದ ಹೃದಯದಿಂದ ತೆಗೆದ ಒಂದು ಸಸಾರಜನಕ, ಉಪ್ಪಿನ ಜೀವಿಯ ಈ ನೇರಿಳೆ ಪೊರೆ. ಬೆಳಕು ಬಿದ್ದಾಗ ಅದು ಜೀವಿಗಳ ಶಕ್ತಿದ್ರವ್ಯವಾದ ಎ.ಟಿ.ಪಿ.ಯನ್ನು ತಯಾರಿಸಿತು. ಪೀಟರ್ ಮಿಚೆಲ್ಲರ ವಾದಕ್ಕೆ ಇದರಿಂದ ದೊರೆತ ಬೆಂಬಲವು ಸಣ್ಣದಲ್ಲ. ೧೯೭೮ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು.

ಇಲ್ಲಿ ಸಸಾರಜನಕವೆಂಬ ಶಬ್ದವನ್ನು ಬಿಡಿಸಿ ಹೇಳುವುದು ಅವಶ್ಯ. ಬೇಳೆ, ಹಾಲು, ಮೊಟ್ಟೆ, ಕೂದಲು, ಉಗುರು ಇವೆಲ್ಲವುಗಳಲ್ಲಿ ಇರುವ ಪ್ರೋಟೀನನ್ನೇ ಹಳೆಯ ಪಾಠ್ಯಪುಸ್ತಕಗಳು ಹೀಗೆ ಕರೆದಿವೆ. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ದಾರದಲ್ಲಿ ಪೋಣಿಸಿ ನಿಯತವಾದ ರೀತಿಯಲ್ಲಿ ಮಡಿಚಿದರೆ ಒಂದು ಪ್ರೋಟೀನು. ನೇರಿಳೆ ಪೊರೆಯ ಪ್ರೋಟೀನಿನಲ್ಲಿ ೨೪೮ ಮಣಿಗಳು. ಅದು ಪೊರೆಯನ್ನು ಏಳು ಸಲ ಹಾದು ಹೋಗುವುದು. ೨೧೬ನೆಯ ಮಣಿಗೆ ರೆಟಿನಲ್ ಅಂಟಿಕೊಂಡಿರುವುದು. ಈ ಮಾಲೆಯ ಕ್ರಮವನ್ನು ೧೯೭೯ರಲ್ಲಿ ರಷ್ಯದ ಒವ್ಚಿನ್ನಿಕೋವ್ ಅವರ ಬಳಗವೂ, ಪಂಜಾಬಿನ ಮುಲ್ತಾನ್ ಜಿಲ್ಲೆಯ ರಾಯಪುರದಲ್ಲಿ ಹುಟ್ಟಿ ಅಮೇರಿಕದಲ್ಲಿ ನೆಲಸಿದ ಹರಗೋವಿಂದ ಖೊರಾನರ ಬಳಗವೂ ಬೇರೆ ಬೇರೆಯಾಗಿ ಬಿಡಿಸಿದುವು. ೧೯೬೮ರಲ್ಲಿಯೇ ನೊಬೆಲ್ ಬಹುಮಾನವನ್ನು ಪಡೆದಿದ್ದ ಖೊರಾನರು ಅಲ್ಲಿಗೆ ನಿಲ್ಲದೆ, ಒಂದೊಂದೇ ಮಣಿಯನ್ನು ಬದಲಾಯಿಸಿ ಯಾವುದನ್ನು ತೆಗೆದರೆ ಏತವು ನಿಲ್ಲುವುದೆಂಬುದನ್ನು ತೋರಿಸಿಕೊಟ್ಟರು. ಪೊರೆಯ ಆಕಾರವನ್ನಾದರೋ ಇಂಗ್ಲೆಂಡಿನ ಹೆಂಡರ್ಸನ್ ಮತ್ತು ಅನ್ವಿನ್ ೧೯೭೫ರಲ್ಲಿಯೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡಿದ್ದರು. ಆ ಮಾರ್ಗವನ್ನು ಹಿಡಿದು ಹೋದ ಹೆಂಡರ್ಸನರಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಈ ಪೊರೆಯ ದಪ್ಪವು ಸುಮಾರು ಐದು ನ್ಯಾನೋಮೀಟರು. ನ್ಯಾನೋ ಎಂಬುದು ಕುಳ್ಳನೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು, ವಾಮನಮಾನವೆಂದರೆ ತಪ್ಪಾಗಲಾರದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೋಮೀಟರು. ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವನ್ನು ವೈಶೇಷಿಕರು ತ್ರಸರೇಣುವೆಂದು ಕರೆದು, ಅದರ ಆರರಲ್ಲಿ ಒಂದು ಭಾಗವನ್ನು ಪರಮಾಣುವೆಂದು ಎಣಿಸಿದರು. ಇಂದಿನ ಗಣನೆಯಲ್ಲಿ ಆ ಒಂದು ಕಣದೊಳಗೆ ಕೋಟ್ಯನುಕೋಟಿ ಪರಮಾಣುಗಳಿವೆ. ಪೂರ್ವಿಕರ ಲೆಕ್ಕವನ್ನು ಹೊಗಳಲಿಕ್ಕಾಗಿ ಇಂದಿನ ಶಾಸ್ತ್ರವೆಲ್ಲವೂ ಅಲ್ಲಿಯೇ ಇತ್ತೆನ್ನುವುದು ವಿವೇಕವಲ್ಲ. ಕಾಣದುದನ್ನು ಕಾಣುವುದರಿಂದ ಅಳೆಯಬೇಕೆಂಬ ಅವರ ಯತ್ನವೇ ಸಾಕಷ್ಟು ದೊಡ್ಡದು. ನೀರಿನಲ್ಲಿ ಕರಗಿದ ಉಪ್ಪನ್ನು ತೋರಿಸಿ ಕಾಣದುದನ್ನು ಬೋಧಿಸಿದ ಉದ್ದಾಲಕನ ಕ್ರಮವೂ ಅದೇ.

ಸಸಾರಜನಕದಲ್ಲಿ ವಿದ್ಯುತ್ತು ಹರಿಯಬಲ್ಲುದೆ ಎಂಬ ಪ್ರಶ್ನೆಯು ನೇರಿಳೆ ಪೊರೆಗಿಂತ ಹಳೆಯದು. ಜಗದೀಶಚಂದ್ರ ಬೋಸರು ೧೯೦೨ರ ತಮ್ಮ ಗ್ರಂಥದಲ್ಲಿ ಜೀವವಿರುವ ವಸ್ತುವೂ ಲೋಹವೂ ವಿದ್ಯುತ್ತಿನಿಂದ ಒಂದೇ ಬಗೆಯಾಗಿ ಪ್ರತಿಕ್ರಿಯೆಯನ್ನು ತೋರುವುವೆಂದು ವಾದಿಸಿದರು. ಅದೇ ಬೋಸರು ಗೆಲೀನ ಎಂಬ ಸೀಸದ ಅದಿರಿನ ಹರಳಿನಿಂದ ಮಾಡಿದ ಗ್ರಾಹಕಕ್ಕೆ ೧೯೦೪ರಲ್ಲಿ ಅಮೇರಿಕದ ಪೇಟೆಂಟನ್ನು ಪಡೆದರು. ಅರೆವಾಹಕಗಳ ಇತಿಹಾಸದಲ್ಲಿ ಇದಕ್ಕಿಂತ ಹಿಂದಿನ ಪೇಟೆಂಟು ಇಲ್ಲವೆನ್ನುವರು. ೧೯೪೧ರಲ್ಲಿ ಹಂಗರಿಯ ಸೆಂಟ್ ಜ್ಯೋರ್ಜಿಯವರು, ಸಿ ಜೀವಸತ್ತ್ವದ ಶೋಧಕ್ಕಾಗಿ ಅದಾಗಲೇ ನೊಬೆಲ್ ಬಹುಮಾನಿತರಾಗಿದ್ದವರು, ಪ್ರೋಟೀನುಗಳೂ ಅರೆವಾಹಕಗಳಂತೆ ಎಲೆಕ್ಟ್ರಾನುಗಳನ್ನು ದೂರದವರೆಗೆ ಸಾಗಿಸಬಹುದೆಂದು ಉಪನ್ಯಾಸವಿತ್ತರು. ಲೆಕ್ಕಿಗರು ಅದನ್ನು ಒಪ್ಪಲಿಲ್ಲ. ೧೯೪೯ರಲ್ಲಿ ಇವಾನ್ಸ್ ಮತ್ತು ಗೆರ್ಗೆಲಿ ಎಂಬಿವರು ಗಣಿಸಿ ನೋಡಿ, ಪ್ರೋಟೀನಿನಲ್ಲಿ ಎಲೆಕ್ಟ್ರಾನು ದಾಟಬೇಕಾದ ಕಂದಕವು ಬಹಳ ಅಗಲವಾದುದೆಂದು ಕಂಡರು. ಇಂಗ್ಲೆಂಡಿನ ಎಲಿಯವರು ೧೯೫೦ರ ದಶಕದಲ್ಲಿ ಒಣ ಪ್ರೋಟೀನುಗಳನ್ನು ಅಳೆದಾಗಲೂ ಅವು ವಿದ್ಯುತ್ತಿನ ಹರಿವಿಗೆ ಹೆಚ್ಚುಕಡಮೆ ಒಣಕಟ್ಟಿಗೆಯಂತೆಯೇ ಅಡ್ಡ ನಿಂತುವು. ವಾದವು ಮುಗಿದಂತೆ ಕಂಡಿತು.

ಮುಗಿದಿರಲಿಲ್ಲ. ೧೯೬೬ರಲ್ಲಿ ಫಿಲಡೆಲ್ಫಿಯದ ಡಿವಾಲ್ಟ್ ಮತ್ತು ಚಾನ್ಸ್ ಎಂಬಿವರು ಒಂದು ಬ್ಯಾಕ್ಟೀರಿಯವನ್ನು ಅತ್ಯಂತ ಶೀತಲವಾಗಿಸಿ ಅದರ ಮೇಲೆ ಲೇಸರ್ ಬೆಳಕನ್ನು ಹಾಯಿಸಿದರು. ಚಳಿಯಿಂದ ರಾಸಾಯನಿಕ ಕ್ರಿಯೆಗಳೆಲ್ಲ ನಿಲ್ಲಬೇಕಾಗಿದ್ದಲ್ಲಿಯೂ ಎಲೆಕ್ಟ್ರಾನು ಒಂದು ಪ್ರೋಟೀನಿನಿಂದ ಹೊರಟು ತನ್ನ ಗುರಿಯನ್ನು ಸೇರುತ್ತಲೇ ಇತ್ತು. ಒಂದು ಮಿತಿಯಿಂದ ಕೆಳಗೆ ಚಳಿಯು ಹೆಚ್ಚಿದರೂ ಅದರ ವೇಗವು ಕುಂದಲಿಲ್ಲ. ಗೋಡೆಯನ್ನು ಹತ್ತಿ ಇಳಿಯದೆ ಗೋಡೆಯೊಳಗಿಂದಲೇ ಅದು ನುಸುಳುತ್ತಿದ್ದಿತು. ಇಂತಹ ನುಸುಳುವಿಕೆಯು ಅಣುವಿಜ್ಞಾನದಲ್ಲಿ ಮೊದಲೇ ತಿಳಿದಿದ್ದುದು. ಜೀವಿಯೊಳಗೆ ಅದನ್ನು ಕಂಡುದು ಹೊಸತು. ೧೯೭೪ರಲ್ಲಿ ಅವಿರಾಮ್ ಮತ್ತು ರ‍್ಯಾಟ್ನರ್ ಎಂಬಿವರು, ಒಂದೇ ಒಂದು ಅಣುವನ್ನು ವಿದ್ಯುತ್ತಿಗೆ ಏಕಮುಖದ ದಾರಿಯನ್ನಾಗಿ ಮಾಡಬಹುದೆಂದು ಕಾಗದದ ಮೇಲೆ ತೋರಿಸಿದರು. ಬ್ಯಾಕ್ಟೀರಿಯೋರೊಡಾಪ್ಸಿನ್ ಕಣ್ಣಿಗೆ ಬಿದ್ದುದೂ ಅದೇ ವರ್ಷಗಳಲ್ಲಿಯೇ. ಹೀಗೆ ಎರಡು ಹೊಳೆಗಳು ಕೂಡಿದುವು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಚರಿತ್ರೆಯಲ್ಲಿ ಈ ಕೂಡಲಿಗೆ ಒಂದು ಮುನ್ಸೂಚನೆ ಇದೆ. ೧೯೪೨ರಲ್ಲಿ ಅಲ್ಲಿಗೆ ವಿದ್ಯುತ್ ಶಿಲ್ಪವನ್ನು ಕಲಿಯಲು ಬಂದ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್ ಎಂಬ ತರುಣನನ್ನು ಚಂದ್ರಶೇಖರ ವೆಂಕಟರಾಮನ್ನರು ಭೌತಶಾಸ್ತ್ರಕ್ಕೆ ಎಳೆದುಕೊಂಡರು. ಮುಂದೆ ಮದ್ರಾಸಿನಲ್ಲಿ ಈತನು ಗೋಪಿನಾಥ ಕರ್ತಾರೊಡನೆ ಸೇರಿ, ಚರ್ಮಸ್ನಾಯುಗಳ ಪ್ರೋಟೀನಾದ ಕೊಲ್ಲಾಜೆನ್ ಮೂರೆಳೆಯ ಹುರಿಯಾಗಿದೆಯೆಂಬುದನ್ನು ೧೯೫೪ರಿಂದ ತೊಡಗಿ ಸಿದ್ಧಪಡಿಸಿದನು. ಪರೀಕ್ಷೆಗೆ ದೊರೆತುದು ಕಾಂಗರೂವಿನ ಬಾಲದ ಸ್ನಾಯು! ೧೯೬೩ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಎಂಬಿವರೊಡನೆ ಪ್ರಕಟಿಸಿದ ನಕ್ಷೆಯು ಪ್ರೋಟೀನಿನ ಸರಪಣಿಯು ಯಾವ ಯಾವ ಕೋನಗಳಲ್ಲಿ ಮಡಿಯಬಲ್ಲುದೆಂಬುದನ್ನು ನಿರ್ಣಯಿಸುವುದು. ಲೋಕದಲ್ಲಿ ಎಲ್ಲಿಯೇ ಪ್ರೋಟೀನಿನ ಆಕಾರವನ್ನು ಬಿಡಿಸಿದರೂ ಇಂದಿಗೂ ಆ ನಕ್ಷೆಯಿಂದಲೇ ಒರೆ ಹಚ್ಚುವರು. ರಾಮಚಂದ್ರನ್ನರು ಬೆಂಗಳೂರಿಗೆ ಮರಳಿ ೧೯೭೧ರಲ್ಲಿ ಅಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ವಿದ್ಯುತ್ತನ್ನು ಬಿಟ್ಟು ಪ್ರೋಟೀನನ್ನು ಹಿಡಿದವರ ಹಿಂದೆಯೇ ಪ್ರೋಟೀನಿನಲ್ಲಿ ವಿದ್ಯುತ್ತನ್ನು ಹುಡುಕುವವರು ಬಂದರು.

ಮೊದಲು ದೊಡ್ಡದಾಗಿ ಆಸೆಪಟ್ಟವರು ರಷ್ಯದವರು. ಒವ್ಚಿನ್ನಿಕೋವರ ಪ್ರೇರಣೆಯಿಂದ ಅಲ್ಲಿ ಸರಕಾರದ ವೆಚ್ಚದಲ್ಲಿ ರೊಡಾಪ್ಸಿನ್ನಿನ ಒಂದು ದೊಡ್ಡ ಉದ್ಯಮವೇ ನಡೆಯಿತು. ಪುಷ್ಚಿನೋದಲ್ಲಿ ವ್ಸೆವೊಲೊಡೋವ್ ಎಂಬವರು ನೇರಿಳೆ ಪೊರೆಯನ್ನು ಜೆಲಟಿನ್ನಿನಲ್ಲಿ ಹರಡಿ, ಬೆಳಕಿನಿಂದ ಚಿತ್ರವನ್ನು ಬರೆದು ಅಳಿಸಬಹುದಾದ ಫಿಲ್ಮುಗಳನ್ನು ತಯಾರಿಸಿದರು. ಅಮೇರಿಕದ ಸಿರಕ್ಯೂಸ್ ವಿಶ್ವವಿದ್ಯಾನಿಲಯದ ರಾಬರ್ಟ್ ಬರ್ಜ್ ಎಂಬವರು ಇನ್ನೂ ಮುಂದೆ ಹೋದರು. ನೇರಿಳೆ ಒಂದು ಅಂಕೆ, ಬದಲಾದ ಬಣ್ಣ ಇನ್ನೊಂದು ಅಂಕೆ ಎಂದಿಟ್ಟುಕೊಂಡರೆ, ಪ್ರೋಟೀನು ತುಂಬಿದ ಸಣ್ಣ ಘನವೊಂದರೊಳಗೆ ಲೇಸರುಗಳಿಂದ ಅಪಾರವಾದ ಬರಹವನ್ನು ಶೇಖರಿಸಿಡಬಹುದೆಂಬುದು ಅವರ ಯೋಜನೆ. ೧೯೯೫ರಲ್ಲಿ ಅವರು ಇದನ್ನು ಕುರಿತು ಬರೆದ ಲೇಖನವು ಲೋಕದಲ್ಲೆಲ್ಲ ಪ್ರಸಿದ್ಧವಾಯಿತು.

ಆಗ ಕಂಡ ಕನಸು ಆ ರೂಪದಲ್ಲಿ ಫಲಿಸಲಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳುವುದು ಲೇಸು. ಪ್ರೋಟೀನಿನ ಘನವು ಪ್ರಯೋಗಶಾಲೆಯಿಂದ ಅಂಗಡಿಗೆ ಬರಲಿಲ್ಲ. ಪ್ರೋಟೀನು ದುರ್ಬಲವೆಂಬುದು ಅದಕ್ಕೆ ಮುಖ್ಯ ಕಾರಣವಲ್ಲ. ನೇರಿಳೆ ಪೊರೆಯನ್ನು ಒಣಗಿಸಿ ಹರಡಿದರೆ ೧೪೦ ಡಿಗ್ರಿ ಶಾಖದವರೆಗೂ ಅದು ತಾಳುವುದೆಂದು ೧೯೯೩ರಲ್ಲಿಯೇ ಕಂಡುಬಂದಿದ್ದಿತು. ಕುದಿಯುವ ನೀರಿನಲ್ಲಿ ಮೊಟ್ಟೆಯ ಬಿಳಿಯು ಹೆಪ್ಪುಗಟ್ಟುವುದನ್ನು ಕಂಡವರಿಗೆ ಇದು ಆಶ್ಚರ್ಯವೇ ಸರಿ. ಮಣ್ಣಿನ ಮರಳಿನಿಂದ ತೆಗೆದ ಸಿಲಿಕಾನ್ ವರ್ಷ ವರ್ಷಕ್ಕೆ ಅಗ್ಗವೂ ಸೂಕ್ಷ್ಮವೂ ಆಗುತ್ತ ಹೋದುದೇ ನಿಜವಾದ ಕಾರಣ. ಓಟದಲ್ಲಿ ಹಿಂದುಳಿದವನು ನಿಧಾನವಾಗಿ ಓಡಿದನೆಂದಲ್ಲ, ಮುಂದಿನವನು ನಿಲ್ಲಲೇ ಇಲ್ಲ.

ಆದರೆ ಪ್ರೋಟೀನಿಗೆ ತನ್ನದೇ ಆದ ಬೇರೊಂದು ಗುಣವಿದ್ದಿತು. ೧೯೯೨ರಲ್ಲಿ ಜಪಾನಿನ ಫ್ಯೂಜಿ ಛಾಯಾಚಿತ್ರ ಸಂಸ್ಥೆಯ ಮಿಯಾಸಕ, ಕೊಯಾಮ, ಇತೋ ಎಂಬಿವರು ವಿದ್ಯುತ್ತು ಹರಿಯುವ ಪಾರದರ್ಶಕ ಗಾಜಿನ ಮೇಲೆ ನೇರಿಳೆ ಪೊರೆಯನ್ನು ತೆಳ್ಳಗೆ ಹರಡಿ, ೬೪ ಮನೆಗಳಾಗಿ ವಿಭಾಗಿಸಿದರು. ಸ್ಥಿರವಾದ ಬೆಳಕಿಗೆ ಅದು ಸುಮ್ಮನಿದ್ದಿತು. ಬೆಳಕು ಹತ್ತಿದ ಕ್ಷಣದಲ್ಲಿ ಒಂದು ದಿಕ್ಕಿನ ವಿದ್ಯುತ್ತು, ಆರಿದ ಕ್ಷಣದಲ್ಲಿ ವಿರುದ್ಧ ದಿಕ್ಕಿನ ವಿದ್ಯುತ್ತು. ಎಂದರೆ ನಿಂತುದನ್ನು ಬಿಟ್ಟು ಚಲಿಸುವುದನ್ನು ಮಾತ್ರ ಅದು ಕಂಡಿತು. ಕಣ್ಣೂ ಬಹುಮಟ್ಟಿಗೆ ಹಾಗೆಯೇ ಅಲ್ಲವೆ? ಗೋಡೆಯ ಮೇಲೆ ಕದಲದೆ ಕುಳಿತ ಹಲ್ಲಿಯು ಕಾಣದೆ ಹೋದರೂ ಓಡುವ ಹಲ್ಲಿಯು ಥಟ್ಟನೆ ಕಾಣುವುದು. ಲೆಕ್ಕಮಾಡುವ ಯಂತ್ರವಾಗಲಾರದ ಪ್ರೋಟೀನು ನೋಡುವ ಯಂತ್ರವಾಗಬಹುದೆಂಬ ಆಸೆ ಇಲ್ಲಿಂದ ಬಲವಾಯಿತು.

ಕನ್ನಡನಾಡಿನ ಪಾಲು ಬರುವುದು ಇಲ್ಲಿ. ಭಾರತೀಯ ವಿಜ್ಞಾನ ಮಂದಿರದ ಕೆ. ಪಿ. ಜೆ. ರೆಡ್ಡಿಯವರು ೧೯೯೦ರ ದಶಕದಲ್ಲಿ ಬ್ಯಾಕ್ಟೀರಿಯೋರೊಡಾಪ್ಸಿನ್ನಿನಿಂದ ಒಂದು ಬೆಳಕಿನಿಂದ ಇನ್ನೊಂದು ಬೆಳಕನ್ನು ತಡೆಯುವ, ಬಿಡುವ ವಿಧಾನಗಳನ್ನು ಗಣಿತದಿಂದ ವಿಶ್ಲೇಷಿಸಿದರು. ೧೯೮೯ರಲ್ಲಿ ಹುಟ್ಟಿ ಬೆಂಗಳೂರಿನ ಜಕ್ಕೂರಿನಲ್ಲಿ ನೆಲೆಗೊಂಡ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ಮತ್ತು ಎ. ಜಿ. ಮನೋಜ್ ಎಂಬಿವರು ೨೦೦೩ರಲ್ಲಿ ಪ್ರಕಟಿಸಿದ ಯಂತ್ರವಾದರೋ ಕೈಯಿಂದ ಮಾಡಿ ಅಳೆದುದು. ವಿದ್ಯುತ್ತನ್ನು ಹರಿಸಬಲ್ಲ ಒಂದು ಬಗೆಯ ಪ್ಲಾಸ್ಟಿಕ್ಕಿನ ಪದರದೊಡನೆ ನೇರಿಳೆ ಪೊರೆಯ ಪದರವನ್ನು ಅವರು ಜೋಡಿಸಿದರು. ಪ್ಲಾಸ್ಟಿಕ್ಕಿಗೆ ಪ್ರಿಯವಾದ ಬಣ್ಣ ಬೇರೆ, ಪ್ರೋಟೀನಿಗೆ ಪ್ರಿಯವಾದ ಬಣ್ಣ ಬೇರೆ. ಹೊರಗಿನಿಂದ ಕೊಡುವ ವಿದ್ಯುದ್ಬಲವನ್ನು ಹೆಚ್ಚುಕಡಮೆ ಮಾಡಿದಂತೆ ಆ ಜೋಡಿಯು ಯಾವ ಬಣ್ಣಕ್ಕೆ ಎಷ್ಟು ಸ್ಪಂದಿಸಬೇಕೆಂಬುದೂ ಬದಲಾಗುತ್ತಿದ್ದಿತು. ಉಪ್ಪಾಗರದ ಜೀವಿಯ ಅಂಶ, ಕಾರ್ಖಾನೆಯ ದ್ರವ್ಯ ಇವೆರಡೂ ಒಂದೇ ತೆಳುಹಾಳೆಯಲ್ಲಿ ಸಂಸಾರ ಹೂಡಿದುವು. ಇದರ ಪ್ರಚಾರವು ಕನ್ನಡ ಪತ್ರಿಕೆಗಳಲ್ಲಿ ಸಾಕಷ್ಟು ಆಗದೆ ಹೋದುದು ವಿಷಾದಕರ.

ಇತ್ತ ಇಸ್ರೇಲಿನ ರೆಹೋವೋತ್ ನಗರದ ವೈಜ್‌ಮನ್ ಸಂಸ್ಥೆಯಲ್ಲಿ ಕಾಹೆನ್, ಶೆವೆಸ್ ಮೊದಲಾದವರು ೨೦೦೬ರಲ್ಲಿ, ಬೆಳಕಿನ ಗೊಡವೆಯಿಲ್ಲದೆಯೇ ಒಂದೇ ಪದರದ ಪೊರೆಯನ್ನು ಎರಡು ವಿದ್ಯುದಗ್ರಗಳ ನಡುವೆ ಇಟ್ಟು ಅಳೆದರು. ಐದು ನ್ಯಾನೋಮೀಟರು ದಪ್ಪದ ವಸ್ತುವಿನಲ್ಲಿ ನಿರೀಕ್ಷಿಸಿದುದಕ್ಕಿಂತ ಬಹಳ ಹೆಚ್ಚಾಗಿ ವಿದ್ಯುತ್ತು ಹರಿಯಿತು. ರೆಟ್ಟಿನಲ್ಲನ್ನು ತೆಗೆದುಹಾಕಿದಾಗ ಹರಿವು ಬಹಳ ಕುಗ್ಗಿತು. ಇಟಲಿಯ ಲೆಚ್ಚೆ ನಗರದವರು ಅಜುರಿನ್ ಎಂಬ ತಾಮ್ರಯುಕ್ತವಾದ ಪ್ರೋಟೀನಿನಿಂದ ಅದಕ್ಕಿಂತ ಮೊದಲೇ ಟ್ರಾನ್ಸಿಸ್ಟರಿನಂತಹ ಸಾಧನವನ್ನು ಮಾಡಿದ್ದರು. ಸೆಂಟ್ ಜ್ಯೋರ್ಜಿಯವರ ಊಹೆಯನ್ನು ತಳ್ಳಿಹಾಕಿದವರ ಲೆಕ್ಕವು ತಪ್ಪಲ್ಲ. ಒಣ ಮುದ್ದೆಗೆ ಅದು ಈಗಲೂ ಸಲ್ಲುವುದು. ಒಂದೇ ಪದರಕ್ಕೆ ಸಲ್ಲುವ ನಿಯಮ ಬೇರೆ.

ಈ ಶಾಸ್ತ್ರದಲ್ಲಿ ಅವಸರದ ಮಾತಿಗೆ ಏನಾಗುವುದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಕೆಸರಿನಲ್ಲಿ ವಾಸಿಸುವ ಜಿಯೋಬ್ಯಾಕ್ಟರ್ ಎಂಬ ಜೀವಿಯು ತನ್ನ ಮೈಯಿಂದ ಕೂದಲಿನಂತಹ ಎಳೆಗಳನ್ನು ಚಾಚಿ ಅವುಗಳ ಮೂಲಕ ವಿದ್ಯುತ್ತನ್ನು ಹೊರಕ್ಕೆ ಹರಿಸುವುದೆಂದು ಅಮೇರಿಕದ ಡೆರೆಕ್ ಲವ್ಲಿಯವರ ಬಳಗವು ೨೦೦೫ರಲ್ಲಿ ಪ್ರಕಟಿಸಿತು. ಆ ಎಳೆಗಳು ಪಿಲಿ ಎಂಬ ಪ್ರೋಟೀನಿನವು ಎಂದೇ ಅನೇಕರು ನಂಬಿದರು. ಭಾರತೀಯ ಮೂಲದ ನಿಖಿಲ್ ಮಾಲ್ವಂಕರರು ಲವ್ಲಿಯವರೊಡನೆ ಸೇರಿ ೨೦೧೧ರಲ್ಲಿ ಅದನ್ನು ಸಮರ್ಥಿಸಿದ್ದರು. ಅವರೇ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋದ ಮೇಲೆ, ೨೦೧೯ರಲ್ಲಿ, ಸಂಗಡಿಗರೊಡನೆ ಆ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ಬಿಡಿಸಿ ನೋಡಿದಾಗ ಅದು ಪಿಲಿಯಾಗಿರಲಿಲ್ಲ. ರಕ್ತಕ್ಕೆ ಕೆಂಪನ್ನು ಕೊಡುವಂತಹ, ಕಬ್ಬಿಣವಿರುವ ಹೀಮ್ ಬಿಲ್ಲೆಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿಕೊಂಡ ಸೈಟೋಕ್ರೋಮ್ ಎಂಬ ಬೇರೊಂದು ಪ್ರೋಟೀನಿನ ಸರಪಣಿಯಾಗಿದ್ದಿತು. ಲವ್ಲಿಯವರು ತಮ್ಮ ಪಕ್ಷವನ್ನು ಬಿಟ್ಟುಕೊಡಲಿಲ್ಲ. ತಾನೇ ಹಿಂದೆ ಪ್ರತಿಪಾದಿಸಿದುದನ್ನು ಸಾಕ್ಷ್ಯವು ದೊರೆತಾಗ ತಾನೇ ತಿದ್ದಿಕೊಳ್ಳುವುದು ವಾದಶಾಸ್ತ್ರದಲ್ಲಿ ಸೋಲೆಂದು ಎಣಿಸಲ್ಪಡಬಹುದು. ಈ ಶಾಸ್ತ್ರದಲ್ಲಿ ಅದಕ್ಕೆ ಆ ಹೆಸರು ಸಲ್ಲದು.

ನೇರಿಳೆ ಪ್ರೋಟೀನಿನ ಸದ್ಯದ ಆಸೆಯು ಕುರುಡರ ಕಣ್ಣಿನ ಮೇಲಿದೆ. ಕಣ್ಣಿನ ಹಿಂಬದಿಯ ಪೊರೆಯಲ್ಲಿ ಬೆಳಕನ್ನು ಹಿಡಿಯುವ ಕೋಶಗಳು ಮಾತ್ರ ಸತ್ತು, ಅವುಗಳ ಹಿಂದಿನ ನರಗಳು ಬದುಕಿರುವ ರೋಗಗಳುಂಟು. ಸತ್ತ ಕೋಶಗಳ ಜಾಗದಲ್ಲಿ ಬೆಳಕಿಗೆ ಸ್ಪಂದಿಸುವ ಹಾಳೆಯೊಂದನ್ನಿಟ್ಟರೆ ನರಗಳು ಎಚ್ಚರಗೊಳ್ಳಬಹುದು. ಬರ್ಜರ ಶಿಷ್ಯೆಯಾದ ನಿಕೋಲ್ ವ್ಯಾಗ್ನರ್ ಅವರ ಲ್ಯಾಂಬ್ಡವಿಶನ್ ಸಂಸ್ಥೆಯು ಬ್ಯಾಕ್ಟೀರಿಯೋರೊಡಾಪ್ಸಿನ್ನಿನ ಪದರದ ಮೇಲೆ ಪದರವನ್ನು, ಸುಮಾರು ಇನ್ನೂರರವರೆಗೆ, ಹಚ್ಚಿ ಅಂತಹ ಹಾಳೆಯನ್ನು ಕಟ್ಟುತ್ತಿದೆ. ಭೂಮಿಯ ಗುರುತ್ವದಲ್ಲಿ ಪದರಗಳು ಸಮವಾಗಿ ಕೂಡುವುದು ಕಷ್ಟವೆಂದು ೨೦೧೮ರಿಂದ ಮುಂದೆ ಅಂತರರಾಷ್ಟ್ರೀಯ ಆಕಾಶ ನಿಲ್ದಾಣದಲ್ಲಿ ಅದನ್ನು ಕಟ್ಟಿ ನೋಡಿದರು. ಬೇರೊಂದು ದಾರಿಯಲ್ಲಿ, ಅದೇ ಕುಲದ ಪ್ರೋಟೀನನ್ನು ನರಕೋಶಗಳೇ ತಯಾರಿಸುವಂತೆ ಮಾಡಿ, ಕುರುಡರಾಗಿದ್ದ ಒಬ್ಬರು ವಿಶೇಷ ಕನ್ನಡಕದ ಸಹಾಯದಿಂದ ಮೇಜಿನ ಮೇಲಿನ ವಸ್ತುಗಳನ್ನು ಗುರುತಿಸಿದ ವೃತ್ತಾಂತವು ೨೦೨೧ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೇರಿಕದ ಲಾಸ್ಕರ್ ಪ್ರಶಸ್ತಿಯಲ್ಲಿ ಓಸ್ಟರ್‌ಹೆಲ್ಟರಿಗೆ ಪಾಲು ದೊರೆಯಿತು; ಸ್ಟೋಕೇನಿಯಸರು ೨೦೧೩ರಲ್ಲಿಯೇ ತೀರಿಕೊಂಡಿದ್ದರು. ಮರುವರ್ಷ ಓಸ್ಟರ್‌ಹೆಲ್ಟರೂ ತೀರಿಕೊಂಡರು.

ಜಕ್ಕೂರಿನ ನಾರಾಯಣರ ಬಳಗವೂ ಕಣ್ಣಿನತ್ತಲೇ ಹೊರಳಿತು. ಆದರೆ ಪ್ರೋಟೀನನ್ನು ಬದಿಗಿಟ್ಟು ಪ್ಲಾಸ್ಟಿಕ್ಕನ್ನೇ ಹಿಡಿಯಿತು. ೨೦೧೪ರಲ್ಲಿ ವಿನಿ ಗೌತಮ್ ಮತ್ತು ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೂ ಬೆಳಕನ್ನು ಕಾಣದ ಕೋಳಿಭ್ರೂಣದ ಕಣ್ಣಿನ ಪೊರೆಯನ್ನು ಅಂತಹ ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿದ್ದರು. ಹಾಳೆಯ ಮೇಲೆ ಬೆಳಕನ್ನು ಬಿಟ್ಟಾಗ ಆ ಕುರುಡು ಪೊರೆಯ ನರಗಳು ವಿದ್ಯುತ್ತಿನ ಮಿಡಿತಗಳನ್ನು ಕೊಟ್ಟುವು.